ಮ್ಯಾನ್ಮಾರ್ ಕುರಿತು ಪರಿಚಯ ಲೇಖನ ಬರೆಯುವ ಕ್ರಮ

ಮ್ಯಾನ್ಮಾರ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ 2021ರ ಫೆಬ್ರವರಿ 1ರ ಸೇನಾ ಕ್ಷಿಪ್ರಕ್ರಾಂತಿಯಿಂದ ಆರಂಭಿಸುತ್ತಾರೆ. ಹಾಗೆ ಬರೆದರೆ, ದಶಕಗಳಿಂದ ಬೇರುಬಿಟ್ಟ ಆಳ್ವಿಕೆಯೊಂದು ಓದುಗರಿಗೆ ಆಕಸ್ಮಿಕ ಘಟನೆಯಂತೆ ಕಾಣುತ್ತದೆ. ಆದ್ದರಿಂದ ಮೊದಲು ಭೂಪಟವನ್ನು ಮುಂದಿಟ್ಟುಕೊಳ್ಳಿ. ನಡುವೆ ಐರಾವತಿ ನದಿಯ ಬಯಲು, ಅಲ್ಲಿ ಬಹುಸಂಖ್ಯಾತ ಬಮಾರ್ ಜನ. ಅದನ್ನು ಸುತ್ತುವರಿದ ಬೆಟ್ಟಸೀಮೆಯಲ್ಲಿ ಚಿನ್, ಕಚಿನ್, ಶಾನ್, ಕರೆನ್ ಮೊದಲಾದ ಸಮುದಾಯಗಳು. ಈ ಬಯಲು ಮತ್ತು ಬೆಟ್ಟದ ನಡುವಿನ ಬಿರುಕೇ ನಿಮ್ಮ ಲೇಖನದ ಬೆನ್ನೆಲುಬಾಗಬೇಕು.

ವಸಾಹತು ಕಾಲವನ್ನು ಬರೆಯುವಾಗ ಯುದ್ಧಗಳ ವಿವರಕ್ಕೆ ಹೆಚ್ಚು ಜಾಗ ಬೇಡ. 1824ರಿಂದ 1885ರವರೆಗೆ ಮೂರು ಯುದ್ಧಗಳಾದವು, ಕೊನೆಯ ರಾಜ ಥೀಬಾ ರತ್ನಗಿರಿಗೆ ಗಡೀಪಾರಾದ, 1937ರವರೆಗೆ ಬರ್ಮಾ ಬ್ರಿಟಿಷ್ ಇಂಡಿಯಾದ ಪ್ರಾಂತ್ಯವಾಗಿತ್ತು ಎಂದರೆ ಸಾಕು. ಬಿಡಬಾರದ ಅಂಶ ಬೇರೆಯೇ ಇದೆ: ಬ್ರಿಟಿಷರು ಬಯಲನ್ನು ನೇರವಾಗಿ ಆಳಿದರು, ಬೆಟ್ಟಸೀಮೆಯ ಬಹುಭಾಗವನ್ನು ಸ್ಥಳೀಯ ಒಡೆಯರ ಮೂಲಕ ಪ್ರತ್ಯೇಕವಾಗಿ ಆಳಿದರು. ಈ ಎರಡನ್ನು ಒಂದುಗೂಡಿಸಲು 1947ರ ಫೆಬ್ರವರಿಯಲ್ಲಿ ಪಾಂಗ್ಲಾಂಗ್ ಒಪ್ಪಂದಕ್ಕೆ ಸಹಿ ಹಾಕಿದ ಸ್ವಾತಂತ್ರ್ಯ ಹೋರಾಟದ ನಾಯಕ ಆಂಗ್ ಸಾನ್ ಜುಲೈನಲ್ಲೇ ಹತ್ಯೆಯಾದರು. ಸ್ವಾತಂತ್ರ್ಯ ಬಂದದ್ದು 1948ರ ಜನವರಿ 4ರಂದು. 1962ರಲ್ಲಿ ಅಧಿಕಾರ ಕಿತ್ತುಕೊಂಡ ಜನರಲ್ ನೆ ವಿನ್, ದೇಶ ಒಡೆಯದಂತೆ ತಡೆಯುವುದೇ ತಮ್ಮ ಉದ್ದೇಶವೆಂದರು. ಸೇನೆ ಇಂದಿಗೂ ಇದೇ ವಾದವನ್ನು ಮುಂದಿಡುತ್ತದೆ.

ಸೇನಾಡಳಿತ ಜನಸಾಮಾನ್ಯರ ಮನೆಯೊಳಗೆ ಹೇಗೆ ಕಾಲಿಟ್ಟಿತೆಂದು ತೋರಿಸಲು ನೋಟುಗಳ ಉದಾಹರಣೆಯನ್ನು ಕೊಡಿ. 1987ರ ಸೆಪ್ಟೆಂಬರಿನಲ್ಲಿ 25, 35 ಮತ್ತು 75 ಕ್ಯಾಟ್ (ಅಲ್ಲಿನ ಹಣ) ನೋಟುಗಳನ್ನು ಬದಲಿ ಹಣ ಕೊಡದೆಯೇ ರದ್ದುಪಡಿಸಿ, ಬಳಿಕ ನೆ ವಿನ್ ಅದೃಷ್ಟದ ಸಂಖ್ಯೆಯೆಂದು ನಂಬಿದ್ದರೆನ್ನಲಾದ ಒಂಬತ್ತರಿಂದ ಭಾಗವಾಗುವ 45 ಮತ್ತು 90ರ ನೋಟುಗಳನ್ನು ಹೊರತರಲಾಯಿತು. ಕೂಡಿಟ್ಟ ದುಡ್ಡು ರಾತ್ರೋರಾತ್ರಿ ಬರೀ ಕಾಗದವಾದ ಆ ಸಂಕಟವನ್ನು ಹೇಳದೆ ಸೇನಾಡಳಿತದ ವಿರುದ್ಧ ಎದ್ದ 1988ರ ಆಗಸ್ಟ್ 8ರ ದಂಗೆಯನ್ನು ವಿವರಿಸಲಾಗದು. ದೇಶದ ಇಂಗ್ಲಿಷ್ ಹೆಸರು ಬದಲಾದದ್ದು 1989ರಲ್ಲಿ. ಅದಕ್ಕೆ ಹಿಂದಿನ ಘಟನೆಗಳಿಗೆ ಬರ್ಮಾ ಎಂದೇ ಬರೆಯುವುದು ಸರಿ.

ಮುಂದೆ 2008ರ ಸಂವಿಧಾನದ ಲೆಕ್ಕವನ್ನು ಬಿಡಿಸಿ ಹೇಳಿ. ಸಂಸತ್ತಿನ ಶೇ. 25ರಷ್ಟು ಸ್ಥಾನಗಳಿಗೆ ಸೇನೆಯೇ ಸದಸ್ಯರನ್ನು ನೇಮಿಸುತ್ತದೆ, ಆದರೆ ಮುಖ್ಯ ವಿಧಿಗಳ ತಿದ್ದುಪಡಿಗೆ ಶೇ. 75ಕ್ಕಿಂತ ಹೆಚ್ಚು ಮತ ಬೇಕು. ಎಂದರೆ, ಚುನಾಯಿತರೆಲ್ಲರೂ ಒಂದಾದರೂ ಸಮವಸ್ತ್ರದವರ ಒಪ್ಪಿಗೆ ಇಲ್ಲದೆ ಏನೂ ಬದಲಾಗದು. ರಕ್ಷಣೆ, ಗೃಹ, ಗಡಿ ವ್ಯವಹಾರ ಖಾತೆಗಳೂ ಸೇನೆಯದೇ. 2015ರ ಚುನಾವಣೆಯನ್ನು ಆಂಗ್ ಸಾನ್ ಅವರ ಮಗಳು, ಪ್ರಜಾಪ್ರಭುತ್ವ ಹೋರಾಟದ ನಾಯಕಿ ಆಂಗ್ ಸಾನ್ ಸೂ ಕಿ ಅವರ ಪಕ್ಷ ಗೆದ್ದರೂ ಅಧಿಕಾರ ಪೂರ್ತಿಯಾಗಿ ಕೈಸೇರದಿರಲು ಕಾರಣ ಇದು. 2020ರಲ್ಲಿ ಆ ಪಕ್ಷ ಮತ್ತೆ ಗೆದ್ದ ಬಳಿಕ ಸೇನೆ 2021ರ ಕ್ಷಿಪ್ರಕ್ರಾಂತಿ ನಡೆಸಿತು.

ಸೂ ಕಿ ಅವರ ಮೇಲಿನ ಗೌರವದಿಂದ ರಖೈನ್ ರಾಜ್ಯದ ಮುಸ್ಲಿಂ ಅಲ್ಪಸಂಖ್ಯಾತರಾದ ರೋಹಿಂಗ್ಯಾಗಳ ಪ್ರಕರಣವನ್ನು ದಯವಿಟ್ಟು ಮರೆಮಾಚಬೇಡಿ. 1982ರ ಪೌರತ್ವ ಕಾನೂನು ರೋಹಿಂಗ್ಯಾಗಳಲ್ಲಿ ಬಹುಪಾಲು ಜನರನ್ನು ಯಾವ ದೇಶದ ಪೌರತ್ವವೂ ಇಲ್ಲದವರನ್ನಾಗಿಸಿತು. 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿ ಸೇನೆಯ ದಾಳಿಗೆ ಬೆದರಿ ಬಾಂಗ್ಲಾದೇಶಕ್ಕೆ ಓಡಿಹೋದಾಗ ಅಧಿಕಾರದಲ್ಲಿದ್ದದ್ದು ಚುನಾಯಿತ ಸರ್ಕಾರ. 2019ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನರಮೇಧದ ಆರೋಪದ ವಿರುದ್ಧ ದೇಶದ ಪರವಾಗಿ ನಿಂತು ವಾದಿಸಿದವರು ಸ್ವತಃ ಸೂ ಕಿ.

2021ರ ನಂತರದ ಅಂತರ್ಯುದ್ಧದ ಬಗ್ಗೆ ಬರೆಯುವಾಗ ಯಾವ ಊರು ಯಾರ ವಶದಲ್ಲಿದೆ ಎಂಬ ಪ್ರತಿ ಮಾತಿಗೂ ತಿಂಗಳು, ವರ್ಷ ಸೇರಿಸಿ. ಶಾನ್ ರಾಜ್ಯದ ಲಾಶಿಯೋ ಪಟ್ಟಣ 2024ರ ಆಗಸ್ಟ್ ಹೊತ್ತಿಗೆ ಬಂಡುಕೋರರ ಪಾಲಾಗಿತ್ತು. 2025ರ ಏಪ್ರಿಲ್‌ನಲ್ಲಿ ಚೀನಾದ ಮಧ್ಯಸ್ಥಿಕೆಯಿಂದ ಮತ್ತೆ ಸೇನೆಯ ಕೈಗೆ ಬಂತು.