ರಜೆ ಅರ್ಜಿಯ ವೆಬ್ ಪುಟವನ್ನು ಔಟ್‌ಲುಕ್‌ಗೆ ಜೋಡಿಸೋದು ಹೇಗೆ

"ರಜೆ ಅರ್ಜಿಗೆ ಒಂದು ಪುಟ ಮಾಡ್ಕೊಡಿ, ಮ್ಯಾನೇಜರ್‌ಗೆ ಮೇಲ್ ಹೋಗ್ಲಿ, ಅವರು ಒಪ್ಪಿದ್ರೆ ಕ್ಯಾಲೆಂಡರ್‌ನಲ್ಲಿ ಬರ್ಲಿ, ಅಷ್ಟೇ" ಅಂತ ಎಚ್‌ಆರ್‌ನವರು ಹೇಳುತ್ತಾರೆ. ಕೇಳೋಕೆ ಎರಡು ದಿನದ ಕೆಲಸ. ಮೇಲ್ ಕಳಿಸುವ ಕೋಡ್ ನಿಜಕ್ಕೂ ಅರ್ಧ ಗಂಟೆಯದು. ಉಳಿದ ಸಮಯವೆಲ್ಲ ಹೋಗುವುದು, ಯಾರ ಹೆಸರಿನಲ್ಲಿ ಕಳಿಸುತ್ತೀರಿ, ಅದಕ್ಕೆ ಒಪ್ಪಿಗೆ ಕೊಟ್ಟವರು ಯಾರು ಅನ್ನುವುದರಲ್ಲಿ. ಮೈಕ್ರೋಸಾಫ್ಟ್ 365 ಬಳಸುವ ಆಫೀಸು ಅಂತ ಇಟ್ಟುಕೊಂಡು ಹೇಳುತ್ತೇನೆ.

ಮೊದಲಿಗೆ, ಹಳೇ ಕೋಡ್ ಹುಡುಕಿ ಅಂಟಿಸಬೇಡಿ. ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಇಡಬ್ಲ್ಯೂಎಸ್ ಅಥವಾ ಐಮ್ಯಾಪ್ (ಕೋಡ್ ಮೇಲ್‌ಬಾಕ್ಸ್ ತಲುಪುವ ಎರಡು ವಿಧಾನ) ಮೂಲಕ ಒಳಹೋಗುವ ದಾರಿಯನ್ನು ಎಕ್ಸ್‌ಚೇಂಜ್ ಆನ್‌ಲೈನ್ (365ರ ಮೇಲ್ ಸೇವೆ) 2022ರ ಅಕ್ಟೋಬರ್‌ನಿಂದ ಮುಚ್ಚುತ್ತಾ ಬಂತು. ಇಡಬ್ಲ್ಯೂಎಸ್ ಅನ್ನೇ 2026ರ ಅಕ್ಟೋಬರ್‌ನಿಂದ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಹೊಸದಾಗಿ ಶುರು ಮಾಡುವವರಿಗೆ ಇರೋದು ಗ್ರಾಫ್ ಎಪಿಐ, ಅಂದರೆ ನಿಮ್ಮ ಕೋಡ್ 365ರ ಮೇಲ್, ಕ್ಯಾಲೆಂಡರ್ ಜೊತೆ ಮಾತಾಡುವ ದಾರಿ.

365ರ ಲಾಗಿನ್, ಅನುಮತಿ ನೋಡಿಕೊಳ್ಳುವ ಎಂಟ್ರಾದಲ್ಲಿ (2023ರವರೆಗೆ ಅಜ್ಯೂರ್ ಎಡಿ ಅನ್ನುತ್ತಿದ್ದೆವಲ್ಲ, ಅದೇ) ನಿಮ್ಮ ಆ್ಯಪ್ ರಿಜಿಸ್ಟರ್ ಮಾಡಿ. ಟೆನೆಂಟ್ ಐಡಿ (ಕಂಪನಿಯ ಗುರುತು), ಕ್ಲೈಂಟ್ ಐಡಿ (ಆ್ಯಪ್‌ನ ಗುರುತು) ಸಿಗುತ್ತವೆ. ಜೊತೆಗೆ ಒಂದು ಸೀಕ್ರೆಟ್ (ಆ್ಯಪ್‌ನ ಪಾಸ್‌ವರ್ಡ್ ಇದ್ದಂತೆ) ಮಾಡಿಕೊಳ್ಳಿ, ಸಾಧ್ಯವಾದರೆ ಅದರ ಬದಲು ಸರ್ಟಿಫಿಕೇಟ್ ಹಾಕಿ. ಸೀಕ್ರೆಟ್‌ಗೆ ಪೋರ್ಟಲ್‌ನಲ್ಲಿ ಹೆಚ್ಚೆಂದರೆ 24 ತಿಂಗಳ ಆಯಸ್ಸು. ಮುಗಿಯುವ ದಿನವನ್ನು ಇಡೀ ಟೀಮಿನ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ನಿಮ್ಮದರಲ್ಲಿ ಮಾತ್ರ ಬರೆದರೆ, ಅಷ್ಟರಲ್ಲಿ ನೀವು ಕೆಲಸ ಬದಲಿಸಿರುತ್ತೀರಿ.

ಈಗ ಅನುಮತಿ. ಇದರಲ್ಲಿ ಎರಡು ಬಗೆ. ಲಾಗಿನ್ ಆದ ವ್ಯಕ್ತಿಯ ಪರವಾಗಿ ಮಾತ್ರ ಕೆಲಸ ಮಾಡುವುದು ಡೆಲಿಗೇಟೆಡ್. ಯಾರೂ ಲಾಗಿನ್ ಆಗದೆ ಆ್ಯಪ್ ತಾನೇ ಮಾಡುವುದು ಅಪ್ಲಿಕೇಶನ್. ನಮಗೆ ಬೇಕಿರುವುದು ಎರಡನೆಯದು, ಏಕೆಂದರೆ ಮೇಲ್ ಹೋಗುವಾಗ ಯಾರೂ ಕೂತಿರುವುದಿಲ್ಲ. ಆದರೆ ಎಂಟ್ರಾದಲ್ಲಿ ಮೇಲ್.ಸೆಂಡ್ ಅನ್ನು ಅಪ್ಲಿಕೇಶನ್ ಅನುಮತಿಯಾಗಿ ಕೊಟ್ಟರೆ ನಿಮ್ಮ ಪುಟ್ಟ ರಜೆ ಆ್ಯಪ್ ಆ ಕಂಪನಿಯ ಯಾವ ಮೇಲ್‌ಬಾಕ್ಸ್‌ನಿಂದ ಬೇಕಾದರೂ, ಎಂಡಿ ಸಾಹೇಬರ ಹೆಸರಿನಲ್ಲೂ, ಮೇಲ್ ಕಳಿಸಬಹುದು. ಒಪ್ಪಿಗೆ ಬಟನ್ ಒತ್ತುವ ಅಡ್ಮಿನ್‌ಗೆ ಇದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ.

ಹಾಗಾಗಿ ರಜೆಗೆಂದೇ ಒಂದು ಶೇರ್ಡ್ ಮೇಲ್‌ಬಾಕ್ಸ್ (ಒಬ್ಬರದಲ್ಲದ, ಹಲವರು ಬಳಸುವ ಮೇಲ್‌ಬಾಕ್ಸ್) ಮಾಡಿಸಿ. ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಆ್ಯಪ್‌ಗಳಿಗೆ ಪಾತ್ರ (ರೋಲ್) ಹಂಚುವ ಸೌಲಭ್ಯ ಇದೆ, ಅದರಲ್ಲಿ ಈ ಒಂದು ಮೇಲ್‌ಬಾಕ್ಸ್‌ನಿಂದ ಮಾತ್ರ ಮೇಲ್ ಕಳಿಸುವ ಮತ್ತು ಅದರ ಕ್ಯಾಲೆಂಡರ್‌ನಲ್ಲಿ ಮಾತ್ರ ಬರೆಯುವ ಪಾತ್ರ ಕೊಡಿಸಿ. ಜನ ಎಡವುವ ಜಾಗ ಮುಂದಿದೆ. ಎಂಟ್ರಾದ ಅನುಮತಿ ಮತ್ತು ಎಕ್ಸ್‌ಚೇಂಜ್‌ನ ಪಾತ್ರ ಎರಡೂ ಕೂಡಿಕೊಳ್ಳುತ್ತವೆ, ಒಂದು ಇನ್ನೊಂದನ್ನು ಕಡಿಮೆ ಮಾಡುವುದಿಲ್ಲ. ಎಂಟ್ರಾದಲ್ಲಿ ಮೊದಲೇ ಕೊಟ್ಟ ಮೇಲ್.ಸೆಂಡ್ ತೆಗೆಸದಿದ್ದರೆ ಮಾಡಿದ್ದೆಲ್ಲ ಸುಮ್ನೆ. ಬದಲಾವಣೆ ಜಾರಿಗೆ ಬರೋಕೆ ಒಂದೆರಡು ಗಂಟೆ ಹಿಡಿಯಬಹುದು, ಹತ್ತು ನಿಮಿಷಕ್ಕೇ ಕೋಡ್ ಬದಲಿಸೋಕೆ ಹೋಗಬೇಡಿ.

ಸೀಕ್ರೆಟ್ ಅಥವಾ ಸರ್ಟಿಫಿಕೇಟ್ ತೋರಿಸಿದರೆ ಎಂಟ್ರಾ ಒಂದು ಟೋಕನ್ (ತಾತ್ಕಾಲಿಕ ಪಾಸ್) ಕೊಡುತ್ತದೆ, ಅದು ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಬಾಳುತ್ತದೆ. ಪ್ರತಿ ಮೇಲ್‌ಗೂ ಹೊಸದು ಕೇಳದೆ ಇಟ್ಟುಕೊಳ್ಳಿ. ಗ್ರಾಫ್‌ನ ಸೆಂಡ್‌ಮೇಲ್ ಕರೆದರೆ ಉತ್ತರವಾಗಿ 202 ಬರುತ್ತದೆ. 202 ಅಂದರೆ "ತಗೊಂಡಿದ್ದೀನಿ" ಅಂತ, "ತಲುಪಿಸಿದ್ದೀನಿ" ಅಂತ ಅಲ್ಲ. ವಿಳಾಸ ತಪ್ಪಿದ್ದರೆ ಬೌನ್ಸ್ ಮೇಲ್ ಆ ಶೇರ್ಡ್ ಮೇಲ್‌ಬಾಕ್ಸ್‌ಗೇ ಬಂದು ಬೀಳುತ್ತದೆ, ಅದನ್ನು ನೋಡುವ ಒಬ್ಬರು ಇರಬೇಕು. 429 ಬಂದರೆ "ತುಂಬಾ ಕೇಳ್ತಿದ್ದೀರಿ, ನಿಲ್ಲಿ" ಅಂತ, ಜೊತೆಗಿರುವ ರಿಟ್ರೈ ಆಫ್ಟರ್ ಹೆಡರ್ ಹೇಳಿದಷ್ಟು ಸೆಕೆಂಡ್ ಕಾದು ಮತ್ತೆ ಕಳಿಸಿ.

ಮೇಲ್ ಒಳಗೆ "ಒಪ್ಪಿಗೆ" ಅಂತ ಒಂದು ಲಿಂಕ್ ಇಟ್ಟು, ಒತ್ತಿದ ಕೂಡಲೇ ರಜೆ ಮಂಜೂರು ಆಗುವಂತೆ ನಾನೊಮ್ಮೆ ಮಾಡಿದ್ದೆ. ಮೊದಲ ದಿನ ಎಲ್ಲರ ರಜೆಯೂ ಮಂಜೂರು! ಮ್ಯಾನೇಜರ್ ಮೇಲ್ ತೆರೆದೇ ಇರಲಿಲ್ಲ. ಮೇಲ್‌ನ ಲಿಂಕ್‌ಗಳಲ್ಲಿ ವೈರಸ್ ಇದೆಯಾ ಅಂತ ನೋಡುವ ಭದ್ರತಾ ಸಾಫ್ಟ್‌ವೇರ್ ಎಲ್ಲ ಲಿಂಕನ್ನೂ ತಾನೇ ಒಂದು ಸಲ ತೆರೆದು ನೋಡಿತ್ತು, ಪಾಪ, ಅದರ ಕೆಲಸ ಅದು ಮಾಡಿತ್ತು. ತಪ್ಪು ನನ್ನದೇ. ಲಿಂಕ್ ತೆರೆದರೆ ಅರ್ಜಿ ಕಾಣಬೇಕು, ಅಷ್ಟೇ. ಮ್ಯಾನೇಜರ್ ಲಾಗಿನ್ ಆಗಿ, ಪುಟದಲ್ಲಿರುವ ಬಟನ್ ಒತ್ತಿ, ಅದು ಪೋಸ್ಟ್ (ಪುಟ ತೆರೆಯುವುದಕ್ಕಲ್ಲ, ಮಾಹಿತಿ ಸಲ್ಲಿಸುವುದಕ್ಕೆ ಇರುವ ವೆಬ್ ವಿನಂತಿ) ಆಗಿ ಹೋದಾಗ ಮಾತ್ರ ರಜೆ ಮಂಜೂರು ಆಗಬೇಕು.

ಇನ್ನು ಕ್ಯಾಲೆಂಡರ್. ಪ್ರತಿಯೊಬ್ಬರ ಕ್ಯಾಲೆಂಡರ್‌ಗೂ ಕೈ ಹಾಕಬೇಡಿ, ಅದಕ್ಕೆ ಮತ್ತೆ ಎಲ್ಲ ಮೇಲ್‌ಬಾಕ್ಸ್‌ಗಳ ಅನುಮತಿ ಬೇಕಾಗುತ್ತದೆ. ಆ ಶೇರ್ಡ್ ಮೇಲ್‌ಬಾಕ್ಸ್‌ನ ಕ್ಯಾಲೆಂಡರ್‌ನಲ್ಲೇ ಬರೆದು, ಟೀಮಿನವರಿಗೆ ಅದನ್ನು ಹಂಚಿ. ಇಡೀ ದಿನದ ರಜೆಗೆ ಶುರುವೂ ಕೊನೆಯೂ ಮಧ್ಯರಾತ್ರಿಯೇ ಆಗಿರಬೇಕು, ಕೊನೆಯದು ಮರುದಿನದ್ದು. 14ನೇ ತಾರೀಕು ಒಂದೇ ದಿನ ರಜೆ ಅಂದರೆ 14ರಿಂದ 15ರವರೆಗೆ ಅಂತ ಬರೆಯಬೇಕು, 14ರಿಂದ 14 ಅಂದರೆ ಎರರ್. ಟೈಮ್‌ಝೋನ್ "ಇಂಡಿಯಾ ಸ್ಟ್ಯಾಂಡರ್ಡ್ ಟೈಮ್" ಅಂತ ಕೊಡಿ. ಓದುವಾಗ ನೀವು ಸುಮ್ಮನಿದ್ದರೆ ಗ್ರಾಫ್ ಯುಟಿಸಿಯಲ್ಲೇ (ಜಾಗತಿಕ ಪ್ರಮಾಣ ಸಮಯ) ಉತ್ತರಿಸುತ್ತದೆ, ಹಾಗಾಗಿ ಪ್ರಿಫರ್ ಹೆಡರ್‌ನಲ್ಲೂ ಭಾರತದ ಸಮಯವನ್ನೇ ಕೇಳಿ, ಇಲ್ಲದಿದ್ದರೆ ಸಮಯ ಐದೂವರೆ ಗಂಟೆ ಹಿಂದೆ ಕಾಣಬಹುದು. ಟ್ರಾನ್ಸಾಕ್ಷನ್‌ಐಡಿ ಅನ್ನುವ ಜಾಗಕ್ಕೆ ಅರ್ಜಿಯ ನಂಬರ್ ಹಾಕಿದರೆ, ನೆಟ್‌ವರ್ಕ್ ಕೈಕೊಟ್ಟು ಮತ್ತೆ ಕಳಿಸಿದರೂ ಎರಡು ಸಲ ಬರೆಯುವುದಿಲ್ಲ.

ಮೇಲ್ ಕನ್ನಡದಲ್ಲಿ ಹೋಗಬೇಕಾ? ಗ್ರಾಫ್‌ನಲ್ಲಿ ತೊಂದರೆ ಇಲ್ಲ. ಸ್ವಂತ ಎಸ್‌ಎಂಟಿಪಿ (ಮೇಲ್ ಕಳಿಸುವ ಹಳೇ ವಿಧಾನ) ಕೋಡ್ ಬರೆದು ಕಳಿಸುವವರಿಗೇ ಕಷ್ಟ. ಸಬ್ಜೆಕ್ಟ್ ಸಾಲನ್ನು ಎನ್‌ಕೋಡ್ ಮಾಡುವಾಗ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಾಗಿ ಬದಲಿಸುವಾಗ) ಒಂದು ತುಂಡು 75 ಅಕ್ಷರ ಮೀರುವಂತಿಲ್ಲ, ಯುಟಿಎಫ್-8ನಲ್ಲಿ "ಕ್ಷ" ಒಂದೇ 9 ಬೈಟ್. ಬೈಟ್ ಲೆಕ್ಕದಲ್ಲಿ ಕಣ್ಣು ಮುಚ್ಚಿ ಕತ್ತರಿಸಿದರೆ ಅಕ್ಷರ ಒಡೆದು ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಆ ಕೆಲಸ ಲೈಬ್ರರಿಗೇ ಬಿಡಿ. ವಿನ್ಯಾಸಕ್ಕೆ ಟೇಬಲ್ ಬಳಸಿ, ವಿಂಡೋಸ್‌ನ ಕ್ಲಾಸಿಕ್ ಔಟ್‌ಲುಕ್ 2007ರ ಆವೃತ್ತಿಯಿಂದಲೂ ವರ್ಡ್‌ನ ಎಂಜಿನ್‌ನಲ್ಲೇ ಮೇಲ್ ತೋರಿಸುತ್ತದೆ, ಫ್ಲೆಕ್ಸ್‌ಬಾಕ್ಸ್ (ವೆಬ್ ಪುಟ ಜೋಡಿಸುವ ಹೊಸ ವಿಧಾನ) ಅದಕ್ಕೆ ಗೊತ್ತಿಲ್ಲ.

ಟೆಸ್ಟ್ ಸರ್ವರ್‌ನಲ್ಲಿ, "ಯಾರಿಗೆ" ಅನ್ನುವ ವಿಳಾಸ ಏನೇ ಇದ್ದರೂ ಮೇಲ್ ನಿಮ್ಮ ಇನ್‌ಬಾಕ್ಸ್‌ಗೇ ಬರುವಂತೆ ಕೋಡ್‌ನಲ್ಲಿ ಕಟ್ಟಿಹಾಕಿ, ಮೊದಲ ಮೇಲ್ ಕಳಿಸುವ ಮುಂಚೆಯೇ.