ಯುದ್ಧ ಮುಗಿದ ನಾಡಿಗೆ ಬಂಡವಾಳ ತರುವುದು ಹೇಗೆ? ಮೊಜಾಂಬಿಕ್ ನಡೆದ ದಾರಿ

ಆಫ್ರಿಕಾದ ಆಗ್ನೇಯ ಕರಾವಳಿಯ ದೇಶ ಮೊಜಾಂಬಿಕ್‌ನ ಅಂತರ್ಯುದ್ಧ ನಿಲ್ಲಿಸುವ ಒಪ್ಪಂದಕ್ಕೆ 1992ರ ಅಕ್ಟೋಬರ್ 4ರಂದು ರೋಮ್‌ನಲ್ಲಿ ಸಹಿ ಬಿತ್ತು. ಎಂಟೇ ವರ್ಷದಲ್ಲಿ, ರಾಜಧಾನಿ ಮಪುಟೊ ಪಕ್ಕದಲ್ಲಿ ನೂರು ಕೋಟಿ ಡಾಲರ್‌ಗೂ ಮೀರಿದ ವೆಚ್ಚದ ಮೊಜಾಲ್ ಅಲ್ಯೂಮಿನಿಯಂ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಇದಕ್ಕೆ ಏನೇನು ಬೇಕಾಯಿತು?

ಮೊದಲು, ಬಂದೂಕು ಕೆಳಗಿಟ್ಟವರ ಮನೆಯಲ್ಲಿ ಒಲೆ ಉರಿಯಬೇಕು. ಸೇನೆ ಬಿಟ್ಟವರಿಗೆ, ಸರ್ಕಾರದ ಕಡೆಯವರಿಗೂ ಬಂಡುಕೋರರಿಗೂ, ಎರಡು ವರ್ಷ ಕಾಲ ಹಣ ಕೊಡಲಾಯಿತು. 1994ರಲ್ಲಿ ಚುನಾವಣೆ ನಡೆಯಿತು.

ಎರಡನೆಯದು ನೆಲ ಶುದ್ಧಿ. ಬಾಂಬು ಹೂತ ಮಣ್ಣಿನಲ್ಲಿ ಉಳುಮೆಯೂ ಇಲ್ಲ, ಕಂಬ ನೆಡುವುದೂ ಇಲ್ಲ. ಯಂತ್ರ, ನಾಯಿಗಳ ಜೊತೆಗೆ ಇಲ್ಲಿ ತರಬೇತಾದ ದೊಡ್ಡ ಇಲಿಗಳೂ ದುಡಿದವು. ಇಬ್ಬರ ನಡುವೆ ಬಿಗಿದ ಹಗ್ಗಕ್ಕೆ ಇಲಿಯ ಪಟ್ಟಿ ಸಿಕ್ಕಿಸುತ್ತಾರೆ. ಅದು ಮೂಸುತ್ತಾ ಸಾಗಿ, ಸಿಡಿಮದ್ದಿನ ವಾಸನೆ ಬಂದಲ್ಲಿ ನಿಂತು ಮಣ್ಣು ಕೆರೆಯುತ್ತದೆ. ತೂಕ ಕಡಿಮೆಯಾದ್ದರಿಂದ ಬಾಂಬು ಸಿಡಿಯುವುದಿಲ್ಲ. ಸರಿಯಾಗಿ ಗುರುತಿಸಿದರೆ ಬಾಳೆಹಣ್ಣಿನ ಚೂರು ಸಿಗುತ್ತದೆ. ದೇಶ ನೆಲಬಾಂಬು ಮುಕ್ತ ಎಂದು ಸಾರಿದ್ದು 2015ರಲ್ಲಿ. ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿದ ಈ ಕೆಲಸಕ್ಕೆ ಯಾವ ಕಂಪನಿಯೂ ಬಂಡವಾಳ ಹಾಕುವುದಿಲ್ಲ. ದಾನಿ ದೇಶಗಳೇ ಹಣ ಕೊಡಬೇಕು.

ಆಮೇಲೆ, ಜಮೀನು ಯಾರದು ಎಂಬ ಪ್ರಶ್ನೆ. ಊರು ಬಿಟ್ಟು ಓಡಿದವರು ಮರಳಿದಾಗ ಅವರ ಕೈಯಲ್ಲಿ ಕಾಗದಪತ್ರ ಇರುವುದಿಲ್ಲ. 1997ರ ಭೂಕಾಯಿದೆ ಒಡೆತನವನ್ನು ಸರ್ಕಾರಕ್ಕೇ ಬಿಟ್ಟಿತು. ಆದರೆ ಹತ್ತು ವರ್ಷ ಪ್ರಾಮಾಣಿಕವಾಗಿ ಉಳುಮೆ ಮಾಡಿದವರಿಗೆ, ಕಾಗದ ಇಲ್ಲದಿದ್ದರೂ, ಬಳಕೆಯ ಹಕ್ಕು ಕೊಟ್ಟಿತು. ಹೂಡಿಕೆದಾರ ಮೊದಲು ಊರಿನವರ ಜೊತೆ ಕೂತು ಮಾತಾಡಬೇಕು. ಸಿಗುವುದು ಹೆಚ್ಚೆಂದರೆ 50 ವರ್ಷದ ಹಕ್ಕು, ಅದನ್ನು ನವೀಕರಿಸಬಹುದು. ಈ ಕಾಯಿದೆಯ ಬಗ್ಗೆ ನನಗೆ ಅಪಾರ ಗೌರವ. ಪಾಲಿಸುವುದರಲ್ಲಿ ಮಾತ್ರ ಎಷ್ಟೋ ಕಡೆ ಸಭೆ ಬರೀ ಸಹಿಗೆ ಮುಗಿದುಹೋಯಿತು.

ನಾಲ್ಕನೆಯ ಹೆಜ್ಜೆ, ಹೂಡಿಕೆದಾರನ ಭಯ ಕಳೆಯುವುದು. ಮೊಜಾಲ್‌ಗೆ ವಿಶ್ವಬ್ಯಾಂಕ್ ಸಮೂಹದಲ್ಲಿ ಖಾಸಗಿ ಉದ್ಯಮಗಳಿಗೆ ಹಣ ಒದಗಿಸುವ ಸಂಸ್ಥೆಯಾದ ಐಎಫ್‌ಸಿ ಸಾಲ ಕೊಟ್ಟಿತು. ಕರೆಂಟು ದಕ್ಷಿಣ ಆಫ್ರಿಕಾದ ಸರ್ಕಾರಿ ವಿದ್ಯುತ್ ಕಂಪನಿ ಎಸ್ಕಾಮ್‌ನಿಂದ ಬಂತು. ಮಪುಟೊವನ್ನು ಆ ದೇಶಕ್ಕೆ ಜೋಡಿಸುವ ಎನ್4 ಟೋಲ್ ರಸ್ತೆಯನ್ನು ಖಾಸಗಿ ಕಂಪನಿಗೆ 30 ವರ್ಷದ ಗುತ್ತಿಗೆಗೆ ಕೊಡಲಾಯಿತು.

ತೆರಿಗೆಯ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಕು. ಮೊಜಾಲ್‌ಗೆ ಆದಾಯ ತೆರಿಗೆ ಮಾಫಿ ಮಾಡಿ, ಮಾರಾಟದ ಮೇಲೆ ಶೇ 1ರಷ್ಟು ಮಾತ್ರ ಕೇಳಲಾಯಿತು. ಮೊದಲು ಬರುವವನನ್ನು ಒಲಿಸಲು ರಿಯಾಯಿತಿ ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಅದಕ್ಕೊಂದು ಕೊನೆಯ ದಿನಾಂಕ ಇರಬೇಕಿತ್ತು. ರಫ್ತಿನ ಲೆಕ್ಕ ಏರಿದಷ್ಟು ಶಾಲೆ, ಆಸ್ಪತ್ರೆಗೆ ಹಣ ಬರಲಿಲ್ಲ.

ಸ್ಥಳೀಯರಿಗೆ ಕೆಲಸ ಕೊಡಿಸಲು ಮೊಜಾಲ್‌ನವರು ಹಿಡಿದ ಉಪಾಯ ಸರಳ. ದೊಡ್ಡ ಟೆಂಡರ್ ಒಂದನ್ನೇ ಕರೆದರೆ ಊರಿನ ಸಣ್ಣ ಗುತ್ತಿಗೆದಾರ ಬಾಗಿಲಲ್ಲೇ ಉಳಿಯುತ್ತಾನೆ. ಕಾರ್ಖಾನೆಯ ಎರಡನೇ ಹಂತದ ವಿಸ್ತರಣೆಯಲ್ಲಿ ಕೆಲಸವನ್ನು ಸಣ್ಣ ಸಣ್ಣ ಪ್ಯಾಕೇಜ್ ಮಾಡಿದರು. ಟೆಂಡರ್ ತುಂಬುವುದು, ಸುರಕ್ಷತೆಯ ನಿಯಮ ಪಾಲಿಸುವುದನ್ನು ಮೊದಲೇ ಹೇಳಿಕೊಟ್ಟು, ಆಮೇಲೆ ಅರ್ಜಿ ಕರೆದರು.