ಬೀರು ಎತ್ತುವ ಮೊದಲು ಟೇಪು ಹಿಡಿಯಿರಿ

ಎರಡನೇ ಮಹಡಿಯ ಬಾಡಿಗೆ ಮನೆ, ಲಿಫ್ಟ್ ಇಲ್ಲ, ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದ ಮೆಟ್ಟಿಲು. ಬೆಂಗಳೂರಿನಲ್ಲಿ ಇಂಥ ಮನೆಗಳಿಗೇನು ಕಮ್ಮಿ? ಪ್ಯಾಕರ್ಸ್‌ಗೆ ಕೊಡುವ ದುಡ್ಡು ಉಳಿಸೋಣ ಅಂತ ನಾಲ್ಕು ಗೆಳೆಯರನ್ನು ಕರೆದು, ಒಂದು ಟಾಟಾ ಏಸ್ ಗೊತ್ತುಮಾಡಿಕೊಂಡು ನೀವೇ ಸಾಮಾನು ಸಾಗಿಸಬಹುದು. ಸೊಂಟ ಉಳುಕುವುದು, ಗೋಡೆ ಕೆರೆಯುವುದು, ಅಡ್ವಾನ್ಸ್‌ನಲ್ಲಿ ಓನರ್ ದುಡ್ಡು ಮುರಿದುಕೊಳ್ಳುವುದು, ಈ ಎಲ್ಲ ತಾಪತ್ರಯ ಹೆಚ್ಚಾಗಿ ಶುರುವಾಗುವುದು ಮೆಟ್ಟಿಲಿನ ತಿರುವಿನಲ್ಲಿ.

ಹಾಗಾಗಿ ಮೊದಲ ಕೆಲಸ ಅಳತೆ. ಹೊಸ ಮನೆಗೆ ಹಾಲು ಉಕ್ಕಿಸಲು ಹೋಗುತ್ತೀರಲ್ಲ, ಅವತ್ತೇ ಜೇಬಿನಲ್ಲಿ ಟೇಪು ಇರಲಿ. ಮುಂಬಾಗಿಲು, ರೂಮಿನ ಬಾಗಿಲು, ಮೆಟ್ಟಿಲಿನ ಅಗಲ, ತಿರುವಿನ ಜಾಗ, ಲಿಫ್ಟ್ ಇದ್ದರೆ ಅದರ ಒಳಗಿನ ಎತ್ತರ, ಎಲ್ಲ ಅಳೆದು ಬರೆದುಕೊಳ್ಳಿ. ಬಾಗಿಲು ಅಳೆಯುವಾಗ ಚೌಕಟ್ಟಿನ ಒಳಗಡೆ, ಬಾಗಿಲು ಪೂರ್ತಿ ತೆರೆದು ಉಳಿಯುವ ಜಾಗವನ್ನೇ ಅಳೆಯಬೇಕು. ಒಂದಿಂಚು ಸಾಲದೆ ಹೋದರೆ ಬಾಗಿಲಿನ ಹಿಡಿ ಬಿಚ್ಚಿ ನೋಡಿ. ಅಪಾರ್ಟ್‌ಮೆಂಟ್ ಆದರೆ ಸಾಮಾನು ಸಾಗಿಸಲು ಯಾವ ಹೊತ್ತಿನಲ್ಲಿ ಬಿಡುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ, ಗೇಟಿನಲ್ಲಿ ಗಾಡಿ ನಿಲ್ಲಿಸಿಕೊಂಡು ವಾದ ಮಾಡುವುದು ಯಾರಿಗೆ ಬೇಕು?

ಆಮೇಲೆ ಬಿಚ್ಚುವ ಕೆಲಸ. ಮಂಚ, ಡೈನಿಂಗ್ ಟೇಬಲಿನ ಕಾಲು, ಸೋಫಾದ ಕಾಲು, ಬಿಚ್ಚಲು ಬರುವುದನ್ನೆಲ್ಲ ಹಿಂದಿನ ದಿನವೇ ಬಿಚ್ಚಿ. ಬಿಚ್ಚುವ ಮೊದಲು ಫೋನಿನಲ್ಲಿ ಫೋಟೊ ತೆಗೆಯಿರಿ. ಬೋಲ್ಟುಗಳನ್ನು ಸಣ್ಣ ಕವರಿಗೆ ಹಾಕಿ ಅದೇ ಮಂಚದ ಪಟ್ಟಿಗೆ ಟೇಪು ಸುತ್ತಿ ಅಂಟಿಸಿ. ಟೇಬಲಿನ ಗಾಜನ್ನು ಮಲಗಿಸಿ ಒಯ್ಯಬೇಡಿ, ಅಂಚಿನ ಮೇಲೆ ನಿಲ್ಲಿಸಿಯೇ ಹಿಡಿಯಿರಿ.

ಹಲಗೆಯನ್ನು ಮೇಲೆತ್ತುವ ರಾಡುಗಳಿರುವ ಹೈಡ್ರಾಲಿಕ್ ಮಂಚದ ವಿಷಯದಲ್ಲಿ ಜಾಸ್ತಿ ಹುಷಾರಾಗಿರಿ. ಹಾಸಿಗೆಯ ಭಾರವೇ ಅದರ ಹಲಗೆಯನ್ನು ಕೆಳಗೆ ಹಿಡಿದಿಟ್ಟಿರುತ್ತದೆ. ಹಾಸಿಗೆ ತೆಗೆದ ಮೇಲೆ ಆ ರಾಡುಗಳು ಹಲಗೆಯನ್ನು ದಢಾರಂತ ಮೇಲಕ್ಕೆ ತಳ್ಳಬಹುದು, ಮುಖ ಅಡ್ಡ ಇಟ್ಟುಕೊಂಡು ಚಿಲಕ ಬಿಡಿಸಬೇಡಿ. ಹಲಗೆ ಪೂರ್ತಿ ಮೇಲೆದ್ದ ಮೇಲೆ ಒಬ್ಬರು ಗಟ್ಟಿಯಾಗಿ ಹಿಡಿದುಕೊಳ್ಳಿ, ಇನ್ನೊಬ್ಬರು ರಾಡು ಬಿಚ್ಚಿ.

ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬ್ ಇದ್ದರೆ ಲೆಕ್ಕವೇ ಬೇರೆ. ಪದೇ ಪದೇ ಬಿಚ್ಚಿ ಜೋಡಿಸಿದರೆ ಸ್ಕ್ರೂ ತೂತು ಸಡಿಲವಾಗುತ್ತದೆ, ಎಳೆದಾಡಿದರೆ ಕಾಲು ಕಿತ್ತುಬರುತ್ತದೆ, ನೆನೆದರೆ ಉಬ್ಬುತ್ತದೆ. ಆಷಾಢದಲ್ಲಿ ಮನೆ ಬದಲಿಸಬೇಡಿ ಅಂತ ಅಜ್ಜಿ ಹೇಳುವುದು ಬೇರೆ ಕಾರಣಕ್ಕಿರಬಹುದು, ಈ ಬೋರ್ಡಿಗಂತೂ ಅದು ಒಳ್ಳೆಯ ಮಾತೇ. ಇದನ್ನು ಯಾವಾಗಲೂ ಅಡಿಯಿಂದಲೇ ಹಿಡಿದು ಎತ್ತಿ.

ಈಗ ಕಬ್ಬಿಣದ ಬೀರು. ಬಟ್ಟೆಯೆಲ್ಲ ತೆಗೆಯಿರಿ, ಲಾಕರಿನ ಒಳಗೂ ಕೈಯಾಡಿಸಿ ನೋಡಿ. ಒಳಗಿನ ಶೆಲ್ಫುಗಳು ಕಳಚಿ ಬಂದರೆ ಅವನ್ನೂ ಕಳಚಿ, ಭಾರ ಎಷ್ಟು ಇಳಿಯುತ್ತದೆ ನೋಡಿ. ಬೀಗ ಹಾಕಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಬೀಗದಲ್ಲೇ ಬಿಟ್ಟರೆ ಗೋಡೆಗೆ ತಾಗಿ ಮುರಿಯುತ್ತದೆ. ಕನ್ನಡಿಗೆ ರಟ್ಟು ಕಟ್ಟಿ, ಹಳೆಯ ಬೆಡ್‌ಶೀಟು ಸುತ್ತಿ ಹಗ್ಗ ಬಿಗಿಯಿರಿ. ನೆಲದ ಮೇಲೆ ಸರಿಸಬೇಕಾದರೆ ಅಡಿಗೆ ಗೋಣಿಚೀಲವೋ ಮಡಿಸಿದ ಕಂಬಳಿಯೋ ಹಾಕಿ ಎಳೆಯಿರಿ. ರೆಡ್ ಆಕ್ಸೈಡ್ ನೆಲ ಕೆರೆದರೆ ಮತ್ತೆ ಸರಿಮಾಡಿಸುವುದು ಸುಲಭವಲ್ಲ.

ಎತ್ತುವಾಗ ಬಗ್ಗಬೇಡಿ, ಮಂಡಿ ಮಡಿಸಿ ಕೂತು ಏಳಿ. ಭಾರ ಮೈಗೆ ಹತ್ತಿರ ಇರಲಿ. ತಿರುಗಬೇಕಾದರೆ ಸೊಂಟ ತಿರುಚದೆ ಪಾದ ಎತ್ತಿಟ್ಟು ತಿರುಗಿ. ಮೆಟ್ಟಿಲಲ್ಲಿ ಬೀರು ಓರೆಯಾಗಿರುತ್ತದೆ, ಹೆಚ್ಚಿನ ಭಾರ ಬೀಳುವುದು ಕೆಳಗಿರುವವರ ಮೇಲೆ. ಗಟ್ಟಿ ಆಳು ಅಲ್ಲಿರಲಿ, ಮೇಲಿನವರು ಹಗ್ಗ ಹಿಡಿದು ಬಿಗಿಯಾಗಿ ತಡೆಯಲಿ. ಚಪ್ಪಲಿ ಬೇಡವೇ ಬೇಡ, ಶೂ ಹಾಕಿ. ಎಲ್ಲಕ್ಕಿಂತ ಮುಖ್ಯ ಏನು ಅಂದರೆ, ಏನನ್ನೂ ಹೊರದೆ ಪಕ್ಕದಲ್ಲಿ ನಿಂತು ‘ಎತ್ತು, ನಿಲ್ಲು, ಎಡಕ್ಕೆ’ ಅಂತ ಹೇಳುವವರು ಒಬ್ಬರೇ ಇರಬೇಕು. ನಾಲ್ಕು ಜನ ನಾಲ್ಕು ಸಲಹೆ ಕೊಡುವ ಹೊತ್ತಿಗೆ ಯಾರದೋ ಬೆರಳು ಗೋಡೆಗೂ ಬೀರುವಿಗೂ ನಡುವೆ ಸಿಕ್ಕಿರುತ್ತದೆ. ಜಾರಿ ಬೀಳುತ್ತಿದೆ ಅನ್ನಿಸಿದರೆ ಹಿಡಿಯಲು ಹೋಗಬೇಡಿ, ಸರಿದು ನಿಲ್ಲಿ. ಬೀರು ನೆಗ್ಗಿದರೆ ನೆಗ್ಗಲಿ.

ಫ್ರಿಜ್ ನಿಂತೇ ಹೋಗಬೇಕು. ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಜೊತೆ ಬಂದಿದ್ದ ಉದ್ದ ಬೋಲ್ಟುಗಳನ್ನು ಹುಡುಕಿ ಹಿಂಬದಿಗೆ ಹಾಕಿ. ಸ್ಪ್ರಿಂಗಿನಲ್ಲಿ ತೂಗುವ ಡ್ರಮ್ ದಾರಿಯುದ್ದಕ್ಕೂ ಕುಲುಕದಂತೆ ತಡೆಯುವುದು ಅವೇ. ಗ್ರೈಂಡರಿನ ಕಲ್ಲು ಬೇರೆ ತೆಗೆದಿಡಿ.

ಏಸ್‌ನ ಹಿಂಬದಿ ಸುಮಾರು 7 ಅಡಿ ಉದ್ದ, 5 ಅಡಿಗಿಂತ ಸ್ವಲ್ಪ ಕಮ್ಮಿ ಅಗಲ. ಭಾರದ್ದೆಲ್ಲ ಕ್ಯಾಬಿನ್ ಕಡೆ ನಿಲ್ಲಿಸಿ ಕಟ್ಟಿ, ನಡುವೆ ಹಾಸಿಗೆ ತುರುಕಿ. ಎಲ್ಲ ಒಂದೇ ಸಲ ಹೇರುವ ಹಟ ಬೇಡ, ಇನ್ನೊಂದು ಟ್ರಿಪ್ ಹೊಡೆಯಿರಿ.

ಹೊಸ ಮನೆಯಲ್ಲಿ ದೊಡ್ಡ ಸಾಮಾನು ಮೊದಲು ಒಳಗೆ, ಡಬ್ಬಗಳು ಆಮೇಲೆ. ಫ್ರಿಜ್ಜನ್ನು ದಾರಿಯಲ್ಲಿ ಮಲಗಿಸಬೇಕಾಗಿ ಬಂದಿದ್ದರೆ ಕೆಲವು ಗಂಟೆ ನಿಲ್ಲಿಸಿಟ್ಟು ಆಮೇಲೆ ಸ್ವಿಚ್ ಹಾಕಿ, ಕಂಪ್ರೆಸರಿನ ಎಣ್ಣೆ ಕೆಳಗಿಳಿಯಲಿ. ಬೀರುವಿನ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ ಅಂದರೆ ಹಾಳಾಯಿತು ಅಂತ ಗಾಬರಿ ಬೇಡ. ಹೆಚ್ಚಾಗಿ ನೆಲ ಸಮ ಇರುವುದಿಲ್ಲ ಅಷ್ಟೇ, ಒಂದು ಕಾಲಿನ ಅಡಿಗೆ ಮಡಿಸಿದ ರಟ್ಟು ಕೊಟ್ಟು ನೋಡಿ.